ಇಂಗಿನ ಮೇಲೆ ಬಂದ ಅನುಮಾನ

ಮೊದಲು ನನಗೆ ಅನುಮಾನ ಬಂದದ್ದು ಇಂಗಿನ ಮೇಲೆ. ರಾಜಾಜಿನಗರದ ಒಂದೇ ಅಂಗಡಿಯಿಂದ ಎಷ್ಟೋ ವರ್ಷಗಳಿಂದ ತರುತ್ತಿದ್ದ ಗಟ್ಟಿ ಇಂಗು ಅದು. ಕಾದ ತುಪ್ಪಕ್ಕೆ ಹಾಕಿದರೆ ಊಟದ ಹಾಲ್‌ನಲ್ಲಿ ಕೂತವರು ಮಾತು ನಿಲ್ಲಿಸಿ ಅಡುಗೆಮನೆ ಕಡೆ ತಿರುಗಬೇಕು, ಅಂಥದ್ದು. ಅವತ್ತು ಹಾಕಿದೆ. ಚುರ್ರೆಂದಿತು, ಉಬ್ಬಿತು, ಅಷ್ಟೇ. ಮಾರನೆಯ ದಿನವೇ ಅಂಗಡಿಗೆ ಹೋಗಿ ನಾಲ್ಕು ಜನ ಗಿರಾಕಿಗಳ ಎದುರಿಗೆ, "ಮೈದಾ ಉಂಡೆ ಕಟ್ಟಿ ಇಂಗು ಅಂತ ಮಾರ್ತಾ ಇದೀರಾ ಸಾರ್?" ಎಂದು ಕೇಳಿದೆ. ಅಂಗಡಿಯವರು ಹೊಸ ಡಬ್ಬದ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ಅದೂ ಅದೇ ಕಲಬೆರಕೆ ಮಾಲು ಎಂದು ತೀರ್ಮಾನಿಸಿ ಹೊರಟು ಬಂದೆ.

ನಾನು ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಅಡುಗೆ ಮಾಡುವವನು. ಮನೆ ಚಂದ್ರಾ ಲೇಔಟಿನಲ್ಲಿ. ನಮ್ಮ ಅಡುಗೆಗೆ ಒಂದು ಕಟ್ಟುನಿಟ್ಟು ಇದೆ. ದೇವರಿಗೆ ನೈವೇದ್ಯ ಆಗುವ ತನಕ ಒಲೆಯ ಮುಂದಿರುವವರು ಯಾರೂ ಒಂದು ತೊಟ್ಟನ್ನೂ ನಾಲಿಗೆಗೆ ಹಚ್ಚುವಂತಿಲ್ಲ. ಐನೂರು ಎಲೆಯ ಊಟವಾದರೂ ಅಷ್ಟೇ. ಉಪ್ಪು ಕೈಯಳತೆ, ಮಿಕ್ಕಿದ್ದೆಲ್ಲ ಮೂಗು. ಸಾರಿನ ಪುಡಿಯ ಹಸಿ ವಾಸನೆ ಹೋಯಿತೇ, ಹುಣಸೆ ಕುದಿಯಿತೇ, ಮೆಂತ್ಯ ಹದಕ್ಕೆ ಬಂತೇ, ಎಲ್ಲವನ್ನೂ ಅಪ್ಪ ನನಗೆ ಮೂಗಿನಿಂದಲೇ ಕಲಿಸಿದ್ದರು. ಬೀಗರು ಬಂದು "ರುಚಿ ನೋಡದೇನೇ ಇಷ್ಟು ಹದವಾಗಿ ಹೇಗೆ ಮಾಡ್ತೀರಿ ಭಟ್ಟರೇ?" ಎಂದು ಕೇಳಿದಾಗ ನಾನು ನಗುತ್ತಿದ್ದೆ. ಆ ನಗುವಿನಲ್ಲಿ ಜಂಬ ಬಹಳ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಹೆಸರು, ನನ್ನ ಅನ್ನ, ಎರಡೂ ನಿಂತಿದ್ದದ್ದು ಆ ಮೂಗಿನ ಮೇಲೆ.

ಇಂಗಿನ ಜಗಳಕ್ಕೆ ಹತ್ತು ದಿನ ಮುಂಚೆ ಒಂದು ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ ನಾನು ಬಿದ್ದಿದ್ದೆ. ಬಸಿದ ಗಂಜಿ ನೆಲದ ಮೇಲೆ ಹರಿದಿತ್ತು. ಕಾಲು ಜಾರಿ ಹಿಂದಕ್ಕೆ ಬಿದ್ದವನ ತಲೆ ರುಬ್ಬುವ ಯಂತ್ರದ ಅಂಚಿಗೆ ಬಡಿಯಿತು. ಕಣ್ಣು ಬಿಟ್ಟಾಗ ನನ್ನ ತಲೆ ಬಾಮೈದನ ತೊಡೆಯ ಮೇಲಿತ್ತು. ಅವನು ನನ್ನ ಹೆಂಡತಿಯ ತಮ್ಮ. ಇಪ್ಪತ್ತು ವರ್ಷದಿಂದ ನನ್ನ ಜೊತೆ ಒಲೆಯ ಮುಂದೆ ನಿಂತವನು. ಅವನೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಸ್ಕ್ಯಾನ್ ಮಾಡಿದರು. ಏನೂ ಇಲ್ಲ, ನಾಲ್ಕು ದಿನ ರೆಸ್ಟ್ ತಗೊಳ್ಳಿ ಎಂದರು.

ಏನೂ ಇಲ್ಲದ ತಲೆ ಮೂರು ತಿಂಗಳು ಭಾರವಾಗಿತ್ತು. ಟ್ಯೂಬ್‌ಲೈಟ್ ಕಣ್ಣಿಗೆ ಚುಚ್ಚುತ್ತಿತ್ತು. ಕುಕ್ಕರ್ ಕೂಗಿದರೆ ಸಿಟ್ಟು ನೆತ್ತಿಗೇರುತ್ತಿತ್ತು. ಅರ್ಧ ಹೇಳಿದ ಮಾತು ಎಲ್ಲಿಗೆ ಹೊರಟಿತ್ತೆಂದು ಮರೆತುಹೋಗುತ್ತಿತ್ತು. ಊಟವಂತೂ ಬರೀ ಸಪ್ಪೆ. ಎರಡು ಸಲ ಆಸ್ಪತ್ರೆಗೆ ಹೋಗಿ ಕೇಳಿದೆ. ಅದೇ ರಿಪೋರ್ಟನ್ನು ಬೆಳಕಿಗೆ ಹಿಡಿದು ನಾರ್ಮಲ್ ಇದೆಯಲ್ಲ ಎಂದರು. ಕವರಿನ ಮೇಲೆ ನನ್ನ ವಯಸ್ಸು ಅರವತ್ತೊಂದು ಎಂದು ಬರೆದಿತ್ತು. ನನಗೆ ಐವತ್ತೆಂಟು. ಯಾರದೋ ತಲೆಯ ಫೋಟೊ ನನಗೆ ಕೊಟ್ಟಿದ್ದಾರೆ ಎಂಬ ಅನುಮಾನ ಅಲ್ಲಿಂದ ಹತ್ತಿಕೊಂಡಿತು. ಕೌಂಟರಿನ ಹುಡುಗಿ ಕಂಪ್ಯೂಟರ್ ತಿರುಗಿಸಿ ತೋರಿಸಿದಳು. ಫೋನ್ ನಂಬರ್, ವಿಳಾಸ, ಎಲ್ಲ ನನ್ನದೇ. ಆದರೂ ನಂಬಲಿಲ್ಲ.

ಆಮೇಲೆ ಯಾರನ್ನೂ ಬಿಡಲಿಲ್ಲ. ಕಾಫಿಗೆ ಹೆಂಡತಿ ಬರೀ ಚಿಕೋರಿ ಹಾಕುತ್ತಿದ್ದಾಳೆ ಎಂದುಕೊಂಡೆ. ಹಾಲಿನವನು, ತುಪ್ಪದವನು, ಸೊಪ್ಪಿನ ಆಂಟಿ, ಎಲ್ಲರೂ ಸೇರಿಕೊಂಡು ಮೋಸ ಮಾಡುತ್ತಿದ್ದಾರೆ ಎನ್ನಿಸುತ್ತಿತ್ತು. ಒಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲೇ ಪೇಪರ್ ಓದುತ್ತಾ ಕೂತಿದ್ದೆ. ಸ್ನಾನ ಮುಗಿಸಿದ ಹೆಂಡತಿ ಓಡಿ ಬಂದು ಗ್ಯಾಸ್ ಆಫ್ ಮಾಡಿ ಕಿಟಕಿಗಳನ್ನೆಲ್ಲ ತೆರೆದಳು. "ರೀ, ಮನೆಯೆಲ್ಲಾ ಗ್ಯಾಸ್ ತುಂಬಿದೆ, ಇಲ್ಲೇ ಕೂತಿದೀರಲ್ಲ," ಎಂದಳು. ನನ್ನನ್ನು ಹುಚ್ಚ ಮಾಡಲು ಹೊರಟಿದ್ದಾಳೆ ಎಂದುಕೊಂಡು ನಾನು ಮತ್ತೆ ಪೇಪರ್ ಬಿಡಿಸಿದೆ.

ಬಾಮೈದನ ಮೇಲೆ ಅನುಮಾನ ಬಂದದ್ದು ಎಲ್ಲರಿಗಿಂತ ಕೊನೆಗೆ. ವಿಜಯನಗರದಲ್ಲಿ ಒಂದು ನಿಶ್ಚಿತಾರ್ಥದ ಅಡುಗೆ. ನಾನು ಸಾಮಾನಿನ ರೂಮಿನಿಂದ ಬರುವಾಗ ಅವನು ಸಾರಿನ ಕೊಳದಪ್ಪಲೆಗೆ ಬೆನ್ನು ಮಾಡಿ ನಿಂತು ಅಂಗೈಯಲ್ಲಿದ್ದದ್ದನ್ನು ನೆಕ್ಕುತ್ತಿದ್ದ. ಆಮೇಲೆ ಒಂದು ಚೊಂಬಿನಿಂದ ಸಾರಿಗೆ ಏನನ್ನೋ ಸುರಿದ. ನೈವೇದ್ಯ ಇನ್ನೂ ಆಗಿರಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಇವನು ನನ್ನ ಅಡುಗೆ ಕೆಡಿಸಿ, ನನ್ನ ಹೆಸರು ಕೆಡಿಸಿ, ಗಿರಾಕಿಗಳನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳಲು ಹೊಂಚು ಹಾಕಿದ್ದಾನೆ. ಮೂರು ತಿಂಗಳಿಂದ ಆಗುತ್ತಿದ್ದದ್ದಕ್ಕೆಲ್ಲ ಕಾರಣ ಒಮ್ಮೆಲೇ ಸಿಕ್ಕಿಬಿಟ್ಟಿತು ಅನ್ನಿಸಿತು.

"ದೇವರಿಗೆ ಎಂಜಲು ಇಡ್ತೀಯೇನೋ?" ಎಂದೆ, ಬಡಿಸುವವರೆಲ್ಲ ಕೇಳುವ ಹಾಗೆ. "ನನ್ನ ಅನ್ನ ತಿಂದು ನನಗೇ ಗುಂಡಿ ತೋಡ್ತೀಯಾ?"

ಅವನು ಸೌಟು ಕೆಳಗಿಟ್ಟು, ಹೆಗಲ ಮೇಲಿನ ಟವಲಿನಿಂದ ಕೈ ಒರೆಸಿಕೊಂಡು ಹೊರಟುಹೋದ. ನನ್ನ ಹೆಂಡತಿ ಅವತ್ತಿನಿಂದ ನನ್ನೊಂದಿಗೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು.

ಹದಿನೈದು ದಿನಕ್ಕೆ ಬಸವೇಶ್ವರನಗರದಲ್ಲಿ ಮುಂಜಿ. ಅವನಿಲ್ಲದೆ ನಾನೊಬ್ಬನೇ ನಿಂತು ಮಾಡಿಸಿದೆ. ಮೊದಲ ಪಂಕ್ತಿಯಲ್ಲಿ ವಟುವಿನ ತಾತ ಪಾಯಸ ಬಾಯಿಗಿಟ್ಟು ಎಲೆಯಿಂದ ಕೈ ಹಿಂದಕ್ಕೆ ತೆಗೆದರು. ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಭಟ್ಟರೇ, ಪಾಯಸ ತಳ ಹಿಡಿದಿದೆ. ಇಷ್ಟು ಸೀದ ವಾಸನೆ ಬರ್ತಾ ಇದೆ, ನಿಮಗೆ ಗೊತ್ತಾಗ್ಲಿಲ್ವಾ?" ಎಂದರು. ನಾನು ಆ ಪಾತ್ರೆಯ ಪಕ್ಕದಲ್ಲೇ ಅರ್ಧ ಗಂಟೆ ನಿಂತಿದ್ದವನು. ಅದೇ ಪಾಯಸ ದೇವರಿಗೂ ಹೋಗಿತ್ತು. ಬಾಮೈದ ಇವರಿಗೆ ಫೋನ್ ಮಾಡಿ ಹೇಳಿಕೊಟ್ಟಿರಬೇಕು ಎಂದು ಮೊದಲು ಅನುಮಾನಿಸಿದೆ. ಮಿಕ್ಕ ಪಾಯಸವನ್ನು ಮನೆಗೆ ತಂದು ಹೆಂಡತಿಯ ಮುಂದಿಟ್ಟೆ. ಅವಳು ಮುಚ್ಚಳ ತೆಗೆದವಳೇ ಮುಚ್ಚಿದಳು. ಬಾಯಿಗೂ ಇಡಲಿಲ್ಲ.

"ನಾಳೆ ಮೂಗಿನ ಡಾಕ್ಟರ್ ಹತ್ರ ಹೋಗೋಣ," ಎಂದಳು.

ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ಇವರಿಗೇನು ಗೊತ್ತಿರುತ್ತದೆ ಎಂದುಕೊಂಡೇ ಕೂತೆ. ಕಣ್ಣು ಮುಚ್ಚಿಸಿ, ಒಂದು ಹೊಳ್ಳೆ ಒತ್ತಿ ಹಿಡಿದು, ಇನ್ನೊಂದಕ್ಕೆ ಒಂದು ಶೀಶೆ ಹಿಡಿದರು.

"ಏನಿದು ಹೇಳಿ?"

"ಖಾಲಿ ಶೀಶೆ," ಎಂದೆ.

ಇನ್ನೊಂದು ಹಿಡಿದರು. ಅದೂ ಖಾಲಿ ಎಂದೆ. ಖಾಲಿ ಶೀಶೆ ಹಿಡಿದು ನನ್ನ ಪ್ರಾಮಾಣಿಕತೆ ಅಳೆಯುತ್ತಿದ್ದಾರೆ ಎಂದುಕೊಂಡೆ. ಕಣ್ಣು ಬಿಟ್ಟರೆ ಮುಂದೆ ಕಾಫಿ ಪುಡಿ, ಲವಂಗ. ಬಣ್ಣ ಹಾಕಿದ ಹೊಟ್ಟಿರಬಹುದು ಎಂದು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಬ್ಯಾಗಿನಿಂದ ನನ್ನದೇ ಇಂಗಿನ ಡಬ್ಬ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಏನೆಂದು ನೋಡಲು ಮುಚ್ಚಳ ತಿರುಗಿಸಿದರು. ತೆರೆದ ತಕ್ಷಣ ಅವರ ಮುಖ ತಾನಾಗಿಯೇ ಹಿಂದಕ್ಕೆ ಹೋಯಿತು. ಹೊರಗೆ ಕೂತಿದ್ದ ನರ್ಸ್ ಬಾಗಿಲಲ್ಲಿ ಇಣುಕಿ "ಏನ್ ಮೇಡಂ ಇದು ವಾಸನೆ?" ಎಂದರು. ಅವರಿಬ್ಬರಿಗೆ ನನ್ನ ಮೇಲೆ ಯಾವ ಹಗೆಯೂ ಇರಲಿಲ್ಲ. ಡಬ್ಬವನ್ನು ಮೂಗಿಗೆ ಒತ್ತಿಕೊಂಡು ಎಳೆದೆ, ಮತ್ತೆ ಎಳೆದೆ. ಬರೀ ಗಾಳಿ ಬಂತು. ಅವತ್ತಿನಷ್ಟು ಹೆದರಿಕೆ ನನಗೆ ಬಿದ್ದ ದಿನವೂ ಆಗಿರಲಿಲ್ಲ.

ಮೂಗಿನ ಮೇಲ್ಗಡೆ ಮೂಳೆಯ ಸಣ್ಣ ತೂತುಗಳ ಮೂಲಕ ವಾಸನೆಯ ನರಗಳು ಮಿದುಳಿಗೆ ಹೋಗುತ್ತವಂತೆ. ತಲೆಗೆ ಜೋರಾಗಿ ಏಟು ಬಿದ್ದಾಗ ಅವು ಹರಿದುಹೋಗಬಹುದಂತೆ. "ಸ್ಕ್ಯಾನ್‌ನಲ್ಲಿ ಇದು ಎಷ್ಟೋ ಸಲ ಕಾಣಲ್ಲ. ಕೆಲವರಿಗೆ ವಾಪಸ್ ಬರತ್ತೆ, ಕೆಲವರಿಗೆ ಬರಲ್ಲ. ನಿಮಗೆ ಬರತ್ತೆ ಅಂತ ನಾನು ಸುಳ್ಳು ಹೇಳಲ್ಲ," ಎಂದರು. ತಲೆನೋವು, ಮರೆವು, ಬೆಳಕಿನ ಕಾಟ, ಎಲ್ಲ ಆ ಏಟಿನದ್ದೇ ಇರಬಹುದೆಂದರು. ಸಿಟ್ಟು, ಅನುಮಾನ ಇವೂ ಕೆಲವರಿಗೆ ಬರುತ್ತವೆ ಎಂದರು. ಈ ಕೊನೆಯ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ನಾನು ಕೆಟ್ಟವನಲ್ಲ, ಎಲ್ಲ ಏಟಿನ ಕೆಲಸ.

ಆ ಮಾತನ್ನೇ ಹೊತ್ತುಕೊಂಡು ಮಾರನೆಯ ದಿನ ಕೆಂಗೇರಿಗೆ, ಬಾಮೈದನ ಮನೆಗೆ ಹೋದೆ. ಅವನು ಬಾಗಿಲಲ್ಲಿ ನನ್ನನ್ನು ನೋಡಿ "ಬನ್ನಿ ಭಾವ," ಎಂದು ಕುರ್ಚಿ ಸರಿಸಿದ. ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ನಿಮ್ಮ ಮೂಗು ಹೋಗಿದೆ ಅಂತ ನಂಗೆ ಆಗ್ಲೇ ಗೊತ್ತಾಯ್ತು ಭಾವ. ಮೆಂತ್ಯ ಕರಕಾಗ್ತಾ ಇದ್ರೂ ನೀವು ಕೈಯಾಡಿಸ್ತಾನೇ ಇದ್ರಿ. ಅವತ್ತು ಸಾರಿಗೆ ಉಪ್ಪೂ ಎರಡು ಸಲ ಹಾಕಿದ್ರಿ. ಅದಕ್ಕೇ ಬಾಯಿಗೆ ಹಾಕ್ಕೊಂಡು ನೋಡ್ದೆ. ಬೇಳೆ ಕಟ್ಟು ಸುರಿದೆ. ದೇವ್ರು ನನ್ನ ಕ್ಷಮಿಸ್ತಾನೆ ಅಂದ್ಕೊಂಡೆ."

"ಮೊದಲೇ ಹೇಳಬಾರದಿತ್ತೇನೋ?"

"ಹೇಳಿದ್ರೆ ನಂಬ್ತಿದ್ರಾ?"

ನನಗೆ ನಾಚಿಕೆಯಾಯಿತು. ತಲೆ ತಗ್ಗಿಸಿಕೊಂಡೇ ಹೇಳಿದೆ: "ತಪ್ಪಾಯ್ತು ಕಣೋ. ಏಟು ಬಿದ್ದಾಗಿಂದ ಹೀಗೆ, ಯಾರನ್ನ ಕಂಡ್ರೂ ಅನುಮಾನ. ಅದೂ ಒಂದು ಲಕ್ಷಣಾನೇ ಅಂತೆ, ಡಾಕ್ಟರ್ ಹೇಳಿದ್ರು."

ಅವನು ಸಿಟ್ಟಿಲ್ಲದೆ, ಹವಾಮಾನದ ಮಾತಾಡುವಷ್ಟೇ ಸಹಜವಾಗಿ ಹೇಳಿದ.

"ಮೂಗು ಹೋಗಿದ್ದು ನೀವು ಬಿದ್ದಾಗ ಭಾವ. ಅನುಮಾನ ಮೊದ್ಲಿಂದ್ಲೂ ಇತ್ತು. ಇಪ್ಪತ್ತು ವರ್ಷದಲ್ಲಿ ಒಂದು ದಿನಾನೂ ನಿಮ್ಮನೆ ಸಾಮಾನಿನ ರೂಮಿನ ಬೀಗದ ಕೈ ನನ್ನ ಕೈಗೆ ಕೊಟ್ಟಿಲ್ಲ ನೀವು."

ಬೀಗದ ಕೈ ಆಗಲೂ ನನ್ನ ಉಡಿದಾರದಲ್ಲೇ ಇತ್ತು. ಅವನ ಮನೆಗೆ ಕ್ಷಮೆ ಕೇಳಲು ಬರುವಾಗಲೂ ಅದನ್ನು ಕಟ್ಟಿಕೊಂಡೇ ಬಂದಿದ್ದೆ.