ನಡೆಯದೆ ಎಳೆದ ಗೆರೆ

ನಮ್ಮ ಸರ್ವೆ ಸಾಹೇಬರ ಕಣಕಾಲ ಸುತ್ತ ಉಂಬಳವೆಂಬ ತೋಟದ ಜಿಗಣೆ ಕಚ್ಚಿದ ಕಪ್ಪು ಕಲೆಗಳು, ಒಂದರ ಪಕ್ಕ ಒಂದು. ಆಲ್ದೂರಿನ ಒಂದೇ ಕೋಣೆಯ ಆಫೀಸಿಗೆ ಅವರು ತೋಟಗಳ ಅಳತೆ ತರುತ್ತಿದ್ದರು, ನಾನು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುತ್ತಿದ್ದೆ.

ಅವರದೊಂದು ಹಟವಿತ್ತು. ತಾವು ಕಾಲಲ್ಲಿ ನಡೆಯದ ಗಡಿಗೆ ಗೆರೆ ಎಳೆಯಕೂಡದು. ನಡೆದು ಬರುವ ತನಕ ನಕ್ಷೆ ಆ ಬದಿಗೆ ಬಾಯಿಬಿಟ್ಟುಕೊಂಡೇ ಇರಬೇಕು.

"ಗೆರೆ ಎಳೆಯೋದು ಸುಲಭ ಮಾರಾಯ್ತಿ, ಆಚೆ ಕಡೆ ಯಾರದ್ದೋ ಒಲೆ ಇರ್ತದೆ," ಎನ್ನುತ್ತಿದ್ದರು. ನನಗೆ ಒಳಗೊಳಗೇ ನಗು.

ಒಂದೊಂದೇ ತುಂಡಿನ ವಿಸ್ತೀರ್ಣ ತೆಗೆಯುವುದು ಬೇಸರವಾಗಿ ನಾನೊಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಬರೆದೆ. ಒಮ್ಮೆ ಒತ್ತಿದರೆ ಇಡೀ ತೋಟದ ಎಕರೆ, ಗುಂಟೆಗಳು ಪಟ್ಟಿಯಾಗಿ ಬರುತ್ತಿದ್ದವು. ಬಾಯಿಬಿಟ್ಟ ಆಕಾರ ಸಿಕ್ಕರೆ ಮಾತ್ರ ತಕರಾರು. ಅದಕ್ಕೂ ಮದ್ದರೆದೆ: ಎರಡು ತುದಿಗಳನ್ನು ತಾನೇ ನೇರ ಗೆರೆಯಿಂದ ಕೂಡಿಸಿಕೊಳ್ಳುವಂತೆ ಎರಡು ಸಾಲು ಸೇರಿಸಿದೆ. ಸಾಹೇಬರಿಗೆ ಹೇಳಲಿಲ್ಲ. ಪಟ್ಟಿ ನೋಡಿ ಅವರು, "ಭಾರಿ ಚುರುಕಿದ್ದೀಯ," ಎಂದು ಹಿಗ್ಗಿದರು.

ಬಾಳೂರಿನ ಕಡೆ ಅಣ್ಣ ತಮ್ಮಂದಿರಿಬ್ಬರು ಎಸ್ಟೇಟ್ ಪಾಲು ಮಾಡಿಕೊಂಡರು. ಅವರ ತಂದೆ ತೋಟದ ಕೂಲಿ ಹೆಂಗಸೊಬ್ಬಳಿಗೆ ಹಳ್ಳದಂಚಿನಲ್ಲಿ ಬರೆದುಕೊಟ್ಟಿದ್ದ ಜಾಗವೂ ಆ ನಕ್ಷೆಯಲ್ಲಿತ್ತು. ಹಳ್ಳ ತುಂಬಿದ್ದರಿಂದ ಸಾಹೇಬರು ಆ ಬದಿ ನಡೆದಿರಲಿಲ್ಲ, ಗೆರೆಯನ್ನೂ ಹಾಕಿರಲಿಲ್ಲ. ಹಳ್ಳ ಅಲ್ಲಿ ಹೊರಕ್ಕೆ ಬಾಗುತ್ತದೆ. ನನ್ನ ಸ್ಕ್ರಿಪ್ಟ್ ನೆಟ್ಟಗೆ ಎಳೆದುಬಿಟ್ಟಿತು. ಅವಳ ಮನೆ ಗೆರೆಯಾಚೆ, ಹಳ್ಳದಾಚೆಗಿದ್ದ ತಮ್ಮನ ಪಾಲಿಗೆ ಹೋಯಿತು. ಕಣ್ಣಿಗೆ ಪೊರೆ ಬಂದಿದ್ದ ಸಾಹೇಬರು ಆ ಬದಿ ಬಾಯಿಬಿಟ್ಟೇ ಇದೆಯೆಂದು ನನ್ನನ್ನು ನಂಬಿ ನಕ್ಷೆಗೆ ಸಹಿ ಹಾಕಿದ್ದರು. ಆ ಬೇಸಿಗೆಯಲ್ಲೇ ಕಿರಿಯವನು ಬೇಲಿ ಹಾಕಿಸಿದ, ಮನೆ ಕೆಡವಿಸಿದ.

ಸುದ್ದಿ ಕೇಳಿ ಸಾಹೇಬರು ಹೋಗಿ ನೋಡಿ ಬಂದರು. ನಾನು ಅಳುತ್ತಾ ಎಲ್ಲವನ್ನೂ ಒಪ್ಪಿಕೊಂಡೆ.

"ಬಾಯಿ ಮುಚ್ಚು. ಸಹಿ ನಂದು. ನೀನಿನ್ನೂ ಬದುಕಿ ಬಾಳ್ಬೇಕಾದವಳು," ಎಂದರು.

ತಪ್ಪು ತಮ್ಮದೆಂದೇ ಬರೆದುಕೊಟ್ಟರು. ಆದರೂ ಕಿರಿಯವನು ಬೇಲಿ ಕೀಳಲಿಲ್ಲ, ಬೇಕಿದ್ದರೆ ಕೋರ್ಟಿಗೆ ಹೋಗಿ ಅಂದ. ಸಾಹೇಬರನ್ನು ಮತ್ತೆ ಯಾರೂ ಅಳತೆಗೆ ಕರೆಯಲಿಲ್ಲ. ಕೆಲಸವಿಲ್ಲದೆ ಆಫೀಸಿನ ಬಾಗಿಲಲ್ಲಿ ಕುಳಿತು ಬಸ್ಸು ನೋಡುತ್ತಿದ್ದರು. ನನಗೆ ಅವರ ಕಡೆ ಮುಖ ಎತ್ತಲಾಗುತ್ತಿರಲಿಲ್ಲ. ವರ್ಷ ತುಂಬುವುದರೊಳಗೆ ಎದೆನೋವಿನಲ್ಲಿ ಹೋಗಿಬಿಟ್ಟರು.

ಅವರನ್ನು ಮಣ್ಣಿಗೆ ಒಯ್ದ ಮೇಲೆ ಅವರ ಮನೆಯಂಗಳದಲ್ಲಿ, ಮನೆ ಕಳೆದುಕೊಂಡ ಆ ಹೆಂಗಸು ನನ್ನ ಪಕ್ಕ ಬಂದು ನಿಂತಳು.

"ಸಾಯೇಬ್ರು ಬೇಕಂತ ಮಾಡಿದ್ದಲ್ಲಮ್ಮ. ನಂಗೆ ಅವ್ರ ಮೇಲೆ ಸಿಟ್ಟಿಲ್ಲ," ಎಂದು ನನ್ನ ಕೈ ಹಿಡಿದುಕೊಂಡಳು.

ನಾನು ಹೌದೆಂದು ತಲೆಯಾಡಿಸಿದೆ. ಸ್ಕ್ರಿಪ್ಟಿನ ಆ ಎರಡು ಸಾಲನ್ನು ಅಳಿಸಿ ಎಷ್ಟೋ ಕಾಲವಾಯಿತು. ಸಾಹೇಬರು ಮುಚ್ಚು ಎಂದ ಬಾಯನ್ನು ಅವಳೆದುರು ಇವತ್ತಿಗೂ ತೆರೆದಿಲ್ಲ.