ತಲೆಕೆಳಗು ಮಾಡಿ ನೋಡುವ ವೈನಿ

ಮುಚ್ಚಳವಿರುವ ಯಾವ ವಸ್ತು ಕೈಗೆ ಬಂದರೂ ಶಶಿಕಲಾ ವೈನಿ ಮೊದಲು ಅದನ್ನು ತಲೆಕೆಳಗು ಮಾಡುತ್ತಿದ್ದರು. ನೀರಿನ ಬಾಟಲಿ, ಸಾರಿನ ಡಬ್ಬಿ, ಎಣ್ಣೆಯ ಜಾಡಿ, ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಒಳಗೆ ನೀರು ತುಂಬಿಸಿ, ಮುಚ್ಚಳ ಬಿಗಿದು, ಸೂಪರ್ ಮಾರ್ಕೆಟ್ಟಿನವರು ಅಂಚೆಪೆಟ್ಟಿಗೆಗೆ ತುರುಕಿ ಹೋಗುವ ಬಣ್ಣದ ಜಾಹೀರಾತು ಕಾಗದದ ಮೇಲೆ ಮಗುಚಿ ಇಟ್ಟು, ಚಹಾ ಕುಡಿದು ಬಂದು ಕಾಗದ ಮುಟ್ಟಿ ನೋಡುವರು. ಅವರ ಹುಟ್ಟುಹಬ್ಬಕ್ಕೆಂದು ನಾನು ಕೊಟ್ಟ ಫ್ಲಾಸ್ಕು ಈ ಪರೀಕ್ಷೆಯಲ್ಲಿ ಫೇಲಾಯಿತು. "ಚಂದ ಐತಿ ಸುಧೀರ, ಆದ್ರ ಸೋರತೈತಿ. ಬಿಲ್ ಐತೇನು? ಹೋಗಿ ಬದಲಿ ಮಾಡಿಸ್ಕೊಂಡು ಬಾ" ಎಂದು ನನ್ನ ಉಡುಗೊರೆಯನ್ನು ನನ್ನ ಕೈಗೇ ಕೊಟ್ಟು ಕಳಿಸಿದರು.

ಗೋಕಾಕದ ಹುಡುಗಿಯಾಗಿ ಬೆಳಗಾವಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವಾಗ ಡಬ್ಬಿಯಿಂದ ಬ್ಯಾಳಿ ಸಾರು ಸೋರಿ ಪುಸ್ತಕವೆಲ್ಲ ಹಳದಿಯಾದ ಮೇಲೆ ಈ ಅಭ್ಯಾಸ ಶುರುವಾಯಿತಂತೆ. ಮೆಲ್ಬರ್ನಿಗೆ ಬಂದ ಮೇಲೆ ಅದಕ್ಕೆ ತಕ್ಕ ಕೆಲಸವೂ ಸಿಕ್ಕಿತು. ಟ್ರುಗನಿನಾದ ಒಂದು ಗೋದಾಮಿಗೆ ಗಿರಾಕಿಗಳು ವಾಪಸ್ ಕಳಿಸಿದ ಅಡುಗೆ ಸಾಮಾನು ಬರುತ್ತಿತ್ತು. ಮಿಕ್ಸಿ ಸುಟ್ಟಿದೆ, ಡಬ್ಬಿ ಸೋರುತ್ತದೆ, ತವಾ ಅಂಟುತ್ತದೆ ಎಂದು ಜನ ಬರೆದು ಕಳಿಸಿದ್ದನ್ನು ಓದಿ, ಆ ಕಂಪ್ಲೇಂಟು ನಿಜವೋ ನೆಪವೋ ಎಂದು ಪರೀಕ್ಷಿಸಿ ಹೇಳುವುದು ವೈನಿಯ ಕೆಲಸ. "ಅರ್ಧ ಮಂದಿ ಮನಸ್ ಬದಲಾಗೇತಿ ಅಂತ ವಾಪಸ್ ಕಳಸ್ತಾರ, ಪಾಪ ಡಬ್ಬಿ ಮ್ಯಾಲೆ ಹಾಕ್ತಾರ" ಎನ್ನುತ್ತಿದ್ದರು.

ನಾನು ಮೈಸೂರಿನವನು. ಓದಲು ಬಂದವನು ಅವರ ಮನೆಯ ಮುಂದಿನ ಕೋಣೆಗೆ ರೆಂಟಿಗೆ ಸೇರಿದೆ. ಓದು ಮುಗಿದು, ಕೆಲಸ ಸಿಕ್ಕಿ, ಇಲ್ಲೇ ಕಾಯಂ ನೆಲೆಸುವ ಪಿಆರ್ ಬಂದರೂ ಅಲ್ಲಿಂದ ಹೊರಡುವ ಮನಸ್ಸಾಗಲಿಲ್ಲ. ಅಣ್ಣನ ಹೆಂಡತಿಯನ್ನು ಅವರ ಕಡೆ ವೈನಿ ಅನ್ನುತ್ತಾರೆಂದು ಕಲಿಸಿಕೊಟ್ಟವರು ಅವರ ಗಂಡ ವಸಂತಣ್ಣ. ರೈಲು ಬೋಗಿಗಳ ರಿಪೇರಿ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಒಳ್ಳೆಯ ಮಾತುಗಾರ, ಕೈ ಬಿಚ್ಚಿ ಖರ್ಚು ಮಾಡುವ ಮನುಷ್ಯ, ಕಾಲೇಜಿನಿಂದಲೂ ಸಿಗರೇಟಿಗೆ ಅಂಟಿಕೊಂಡವರು. ಒಂದು ಸಲ ಟಾರ್ನೀಟಿನ ಇಂಡಿಯನ್ ಅಂಗಡಿಯಿಂದ ಅಕ್ಕಿ ಚೀಲ ತಂದಾಗ, ಕಾರಿನಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಚೀಲ ನೆಲಕ್ಕಿಟ್ಟು ಗೋಡೆ ಹಿಡಿದು ನಿಂತುಬಿಟ್ಟರು. ತುಟಿ ನೀಲಿಯಾಗಿತ್ತು. ಡಾಕ್ಟರು ಪರೀಕ್ಷೆ ಮಾಡಿಸಿ, ಶ್ವಾಸಕೋಶ ಬಹಳ ಸೋತಿದೆ, ಸಿಗರೇಟು ಬಿಡದಿದ್ದರೆ ಮುಂದೆ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡೇ ಬದುಕಬೇಕಾಗುತ್ತದೆ ಎಂದು ನೇರವಾಗಿಯೇ ಹೇಳಿದರು. ಅವತ್ತಿನಿಂದ ವೈನಿಗೆ ಬೇರೆ ಯಾವ ಚಿಂತೆಯೂ ಉಳಿಯಲಿಲ್ಲ.

ಚಟ ಬಿಡಿಸುವ ನಿಕೋಟಿನ್ ಪಟ್ಟಿ ಅಂಟಿಸಿದ್ದಾಯಿತು, ಗಮ್ ಅಗಿದದ್ದಾಯಿತು. ಯಾವುದೂ ನಾಟದಾಗ ಡಾಕ್ಟರು ಕೊನೆಯ ಪ್ರಯತ್ನವೆಂದು, ನಿಕೋಟಿನ್ ದ್ರವವನ್ನು ಬ್ಯಾಟರಿಯಿಂದ ಕಾಯಿಸಿ ಹೊಗೆಯ ಬದಲು ಆವಿ ಎಳೆಯುವ ವೇಪಿಗೆ ಚೀಟಿ ಬರೆದುಕೊಟ್ಟರು. ಮೆಲ್ಲಗೆ ನಿಕೋಟಿನ್ ಕಡಿಮೆ ಮಾಡುತ್ತ ಬಂದು ಅದನ್ನೂ ಬಿಡಬೇಕು ಎಂಬ ಷರತ್ತಿನ ಮೇಲೆ. ವಸಂತಣ್ಣ ತಂದ ಮೊದಲನೆಯ ವೇಪು ಎರಡನೆಯ ದಿನವೇ ಅಂಗಿಯ ಜೇಬಿನಲ್ಲಿ ಸೋರಿತು. ಅವರು ಆ ಕಲೆಯನ್ನು ನಮಗೆಲ್ಲ ತೋರಿಸಿದ ಉತ್ಸಾಹ ನೋಡಬೇಕಿತ್ತು. "ನೋಡ್ರಿ, ಇಂಥಾದ್ದರಾಗ ಸೇದೂದು ಹೆಂಗ?" ಎನ್ನುತ್ತ ಹಿತ್ತಲಿಗೆ ಹೋಗಿ ಸಿಗರೇಟು ಹಚ್ಚಿದರು. ಎರಡನೆಯದು ಸುಟ್ಟ ವಾಸನೆ ಅಂದರು, ಹಿತ್ತಲಿಗೆ ಹೋದರು. ಮೂರನೆಯದರಲ್ಲಿ ಗಾಳಿ ಜಾಸ್ತಿ ಅಂದರು, ಮತ್ತೆ ಹಿತ್ತಲು.

ವೈನಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಂತಿದ್ದರು. ನನ್ನ ಕಡೆ ತಿರುಗದೆಯೇ ಹೇಳಿದರು: "ಇದು ರಿಟರ್ನ್ ಕೇಸು, ಸುಧೀರ. ಮನಸ್ ಇಲ್ಲ, ಡಬ್ಬಿ ಮ್ಯಾಲೆ ಹಾಕ್ಲಿಕತ್ತಾರ. ಒಂದೂ ಕಂಪ್ಲೇಂಟ್ ಇಲ್ಲದಂಥಾದ್ದು ಹುಡುಕಿ ಕೈಯಾಗ ಕೊಟ್ಟರ, ಆವಾಗ ಏನ್ ಹೇಳ್ತಾರ ನೋಡೋಣು."

ಹೀಗೆ, ಜನ್ಮದಲ್ಲಿ ಒಂದು ದಮ್ಮೂ ಎಳೆಯದ ಹೆಂಗಸು ವೇಪಿನ ಪರೀಕ್ಷಕಿಯಾದರು. ಹುಡುಕಿ ತಂದದ್ದು ರೀಬಿಲ್ಡಬಲ್ ಟ್ಯಾಂಕು. ನಾನೂ ಸಿಗರೇಟು ಸೇದಿದವನಲ್ಲ, ಆದರೆ ಆ ಸಾಮಾನು ನೋಡಿ ನನಗೂ ಕುತೂಹಲ ತಡೆಯಲಾಗಲಿಲ್ಲ. ಸಾಮಾನ್ಯ ವೇಪಿನಲ್ಲಿ ಒಳಗಿನ ಕಾಯಿಲ್ ಕೆಟ್ಟರೆ ಎಸೆದು ಹೊಸದು ಹಾಕಬೇಕು. ಇದರಲ್ಲಿ ಹಾಗಲ್ಲ. ಹೆಬ್ಬೆರಳಿನಷ್ಟು ದಪ್ಪದ ಗಾಜಿನ ಕೊಳವೆ, ಅದರೊಳಗೆ ಉಕ್ಕಿನ ಪುಟ್ಟ ಕಟ್ಟೆ. ಕಟ್ಟೆಯ ಮೇಲೆ ಸಣ್ಣ ತಂತಿಯನ್ನು ಸುರುಳಿ ಸುತ್ತಿ ನಾವೇ ಕೂರಿಸಬೇಕು, ಸುರುಳಿಯೊಳಗೆ ಹತ್ತಿ ತೂರಿಸಿ ಅದರ ಎರಡು ತುದಿ ದ್ರವದಲ್ಲಿ ಮುಳುಗುವಂತೆ ಇಳಿಬಿಡಬೇಕು. ಹತ್ತಿ ಹೀರಿದ್ದನ್ನು ತಂತಿ ಕಾಯಿಸಿದರೆ ಆವಿ. ನಾನು ಇದನ್ನೆಲ್ಲ ವೀಡಿಯೊ ನೋಡಿ ವಿವರಿಸುತ್ತಿದ್ದರೆ ವೈನಿ ಅರ್ಧದಲ್ಲೇ ತಡೆದರು. "ದೀಪ ಅನ್ನಲ್ಲ ಸುಮ್ನ. ಇಷ್ಟ್ಯಾಕ ಹೇಳ್ತಿ?"

ಊಟದ ಮೇಜಿನ ಮೇಲೆ ಬಿಳಿ ಟವೆಲು ಹಾಸಿ ಟ್ಯಾಂಕನ್ನು ಪೂರ್ತಿ ಬಿಚ್ಚಿದರು. ಬಿಸಿನೀರಿನಲ್ಲಿ ಸೋಪು ಹಾಕಿ ತೊಳೆದು, ಆ ನೀರು ಮೂಸಿ, "ಇನ್ನೂ ಮಷಿನ್ ಎಣ್ಣಿ ವಾಸನಿ ಐತಿ" ಎಂದು ಮತ್ತೆ ತೊಳೆದರು. ಕುಕ್ಕರಿನ ಗ್ಯಾಸ್ಕೆಟ್ ನೋಡುವಂತೆ ಒಳಗಿನ ರಬ್ಬರ್ ಉಂಗುರಗಳನ್ನು ಬೆರಳಿಂದ ಎಳೆದು, ಬೆಳಕಿಗೆ ಹಿಡಿದು ನೋಡಿದರು. ತಿರುಪಿನ ಸುತ್ತುಗೆರೆಗಳ ಮೇಲೆ ಉಗುರು ಆಡಿಸಿದರು, ತಿರುಪು ಸಲೀಸಾಗಿ ಕೂರುತ್ತದೆಯೇ ಎಂದು ಕಣ್ಣು ಮುಚ್ಚಿ ತಿರುಗಿಸಿ ನೋಡಿದರು. ಆಮೇಲೆ ಬ್ಯಾಟರಿಯಿಲ್ಲದ ಬರಿಯ ಟ್ಯಾಂಕನ್ನು ಬಾಯಿಗಿಟ್ಟು ಗಾಳಿ ಎಳೆದರು. ಗಾಳಿಕಿಂಡಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ, ಎಲ್ಲಿ ಸೀಟಿ ಹೊಡೆಯುತ್ತದೆ, ಎಲ್ಲಿ ಎಳನೀರಿನ ಸ್ಟ್ರಾದಂತೆ ಹಗುರಾಗಿ ಬರುತ್ತದೆ ಎಂದು ಗುರುತಿಸಿಕೊಂಡರು. ಗಂಡನ ಸಾಕ್ಷಿ ಇಲ್ಲಿ ನಡೆಯುತ್ತಿರಲಿಲ್ಲ. "ನೀವ್ ಗಿರಾಕಿ. ಸುಮ್ಮ ಕುಂದರ್ರಿ" ಎಂದು ವಸಂತಣ್ಣನನ್ನು ಕುರ್ಚಿಯಲ್ಲಿ ಕೂರಿಸಿದ್ದರು.

ಎಲ್ಲದರಲ್ಲೂ ಪಾಸಾದ ಟ್ಯಾಂಕು ಹತ್ತಿಯಲ್ಲಿ ಎಡವಿತು. ಎಡವಿದ್ದು ಟ್ಯಾಂಕಲ್ಲ, ವೈನಿಯೇ. ದೇವರ ಮುಂದೆ ಹಚ್ಚಲು ಇಂಡಿಯನ್ ಅಂಗಡಿಯಿಂದ ತಂದ ಹೂಬತ್ತಿಯ ಪೊಟ್ಟಣ ಮನೆಯಲ್ಲಿತ್ತು. ಇದಕ್ಕಿಂತ ಶುದ್ಧ ಹತ್ತಿ ಎಲ್ಲಿ ಸಿಗಬೇಕು ಎಂದು ಅದನ್ನೇ ಬಿಚ್ಚಿ ಹೊಸೆದು ತೂರಿಸಿದರು. ಆ ಬತ್ತಿಗೆ ಕಂಪನಿಯವರು ಮೊದಲೇ ಕರ್ಪೂರ ಹಾಕಿದ್ದು ಯಾರಿಗೂ ಗೊತ್ತಿರಲಿಲ್ಲ. ವಸಂತಣ್ಣ ಒಂದು ದಮ್ಮು ಎಳೆದವರು ಎದ್ದು ನಿಂತು ಕೆಮ್ಮಿದ್ದೇ ಕೆಮ್ಮಿದ್ದು. ಮನೆಯೆಲ್ಲ ಗರ್ಭಗುಡಿಯ ವಾಸನೆ. "ಶಶೀ, ಮಂಗಳಾರತಿ ನುಂಗಿದಂಗ ಆತು!" ಎಂದು ಕಣ್ಣೊರೆಸಿಕೊಳ್ಳುತ್ತ ಹಿತ್ತಲಿಗೆ ಹೊರಟರು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ವೈನಿ ನಗಲಿಲ್ಲ. ಟ್ಯಾಂಕು ಬಿಚ್ಚಿ, ಬತ್ತಿ ಹೊರಗೆಳೆದು ಮೂಸಿ, ಹಿತ್ತಲ ಬಾಗಿಲಿಗೆ ಹೋಗಿ ನಿಂತರು. "ರೀ, ಈ ಕಂಪ್ಲೇಂಟ್ ಖರೇ ಐತಿ. ತಪ್ಪು ನಂದು. ಇವತ್ತ ಸೇದ್ರಿ, ಏನೂ ಅನ್ನೂದಿಲ್ಲ" ಅಂದರು. ಹಚ್ಚಿದ್ದ ಸಿಗರೇಟನ್ನು ವಸಂತಣ್ಣ ಅರ್ಧಕ್ಕೇ ಆರಿಸಿದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. ಬೈದರೆ ಅವರು ಜಗ್ಗುತ್ತಿರಲಿಲ್ಲ, ಆದರೆ ನ್ಯಾಯ ಮಾತಾಡಿದರೆ ಅವರಿಗೆ ದಾರಿಯೇ ತೋಚುತ್ತಿರಲಿಲ್ಲ.

ಮುಂದಿನ ಭಾನುವಾರದ ಹೊತ್ತಿಗೆ ಏನೂ ಬೆರೆಸದ ಹತ್ತಿ ತರಿಸಿ, ಕುದಿಸಿ, ಬಟ್ಟೆ ಒಣಹಾಕುವ ತಂತಿಯ ಮೇಲೆ ತೆಳುವಾದ ಪಂಚೆಯಲ್ಲಿ ಕಟ್ಟಿ ಒಣಗಿಸಿದ್ದರು. ಒಂದೇ ದಿನದಲ್ಲಿ ಮಳೆ, ಬಿಸಿಲು, ಗಾಳಿ ಎಲ್ಲ ತೋರಿಸುವ ನಮ್ಮ ಮೆಲ್ಬರ್ನಿನಲ್ಲಿ ಆ ಗಂಟನ್ನು ಒಳಗೆ ಹೊರಗೆ ಓಡಾಡಿಸುವ ಕೆಲಸ ನನ್ನದು. ದೀಪದ ಬತ್ತಿಯ ಹಾಗೆ ಬಿಗಿಯಾಗಿ ಹೊಸೆದರೆ ದ್ರವ ಏರದೆ ಹತ್ತಿ ಸುಡುತ್ತದೆ, ತೀರ ಸಡಿಲ ಬಿಟ್ಟರೆ ಕೆಳಗಿನ ಕಿಂಡಿಯಿಂದ ಸೋರುತ್ತದೆ. ಇವೆರಡರ ನಡುವಿನ ಹದ ಹುಡುಕುವುದಕ್ಕೆ ಹಲವು ಭಾನುವಾರ ಹಿಡಿಯಿತು. ತುದಿಗಳನ್ನು ಹಳೆಯ ಬಾಚಣಿಗೆಯಿಂದ ಬಾಚಿ ತೆಳ್ಳಗೆ ಮಾಡುವುದನ್ನು ಕಂಡುಕೊಂಡ ದಿನ ವೈನಿ ಸಿಹಿ ಶಿರಾ ಮಾಡಿದ್ದರು.

ಕಡೆಯ ಪರೀಕ್ಷೆ ಸಿಡ್ನಿ ಹಾದಿಯಲ್ಲಿ ನಡೆಯಿತು. ವಸಂತಣ್ಣನಿಗೆ ಅಲ್ಲಿ ಒಂದು ಇಂಟರ್‌ವ್ಯೂ ಇತ್ತು. ಕಾರು ಓಡಿಸುವವನು ನಾನು. ವೈನಿ ಟ್ಯಾಂಕನ್ನು ತುಂಬಿಸಿ, ತಲೆಕೆಳಗು ಮಾಡಿ, ಜಾಹೀರಾತು ಕಾಗದ ಸುತ್ತಿ ಗ್ಲವ್ ಬಾಕ್ಸಿನಲ್ಲಿಟ್ಟರು. ಬೆಳಗಿನ ಚಳಿ, ಮಧ್ಯಾಹ್ನದ ಬಿಸಿಲು, ರಸ್ತೆಯ ಕುಲುಕಾಟ ಎಲ್ಲವೂ ಅದಕ್ಕೆ ತಾಗಲಿ ಎಂಬುದು ಲೆಕ್ಕ. ಅಲ್ಬರಿಯಲ್ಲಿ ನಿಲ್ಲಿಸಿ ಕಾಗದ ಬಿಚ್ಚಿದರು, ಒಣಗಿತ್ತು. ಗಂಡಗೈಯಲ್ಲಿ ಬಿಚ್ಚಿದರು, ಒಣಗಿತ್ತು. ಗೋಲ್ಬರ್ನಿನ ಪೆಟ್ರೋಲ್ ಬಂಕಿನಲ್ಲಿ ವಸಂತಣ್ಣನೇ ಕಾಗದ ಬಿಚ್ಚಿ, ಕನ್ನಡಕ ಹಾಕಿ, ಮೂಲೆಮೂಲೆ ಹುಡುಕಿದರು. ಒಂದು ಹನಿ ಕಲೆ ಸಿಕ್ಕರೂ ಸಾಕು ಎಂಬಂತಿತ್ತು ಮುಖ. ಸಿಗಲಿಲ್ಲ. ಟ್ಯಾಂಕನ್ನು ಬ್ಯಾಟರಿಗೆ ಜೋಡಿಸಿ ಒಂದು ದಮ್ಮು ಎಳೆದರು, ಇನ್ನೊಂದು ಎಳೆದರು, ದೂರದ ಬೋಳುಗುಡ್ಡ ನೋಡುತ್ತ ನಿಂತರು.

"ಏನಾರ ಕಂಪ್ಲೇಂಟ್ ಐತೇನ್ರೀ?" ಎಂದರು ವೈನಿ.

"ಇಲ್ಲ ಮಾರಾಯ್ತಿ" ಎಂದು ಜೇಬಿನ ಸಿಗರೇಟು ಪ್ಯಾಕನ್ನು ತೆಗೆದು ಬಂಕಿನ ಕಸದ ಡಬ್ಬಕ್ಕೆ ಹಾಕಿದರು.

ಮುಂದಿನ ತಿಂಗಳುಗಳಲ್ಲಿ ಫಾರ್ಮಸಿಯಿಂದ ಬಂದ ದ್ರವಕ್ಕೆ ಡಾಕ್ಟರು ಹೇಳಿದಂತೆ ಬರಿಯ ಗ್ಲಿಸರಿನ್ ಬೆರೆಸಿ ನಿಕೋಟಿನ್ ಇಳಿಸುತ್ತ ಬಂದವರೂ ವೈನಿಯೇ. ಇಳಿಸಿದ್ದೇನೆಂದು ಹೇಳಿದ ದಿನವೆಲ್ಲ ವಸಂತಣ್ಣ ತಲೆನೋವು ಎಂದು ಮಲಗುತ್ತಿದ್ದರಿಂದ, ಹೇಳುವುದನ್ನೇ ನಿಲ್ಲಿಸಿದರು. ಆಮೇಲೆ ಕಾನೂನು ಬಿಗಿಯಾಗಿ ನಮ್ಮ ಸಬರ್ಬಿನ ವೇಪ್ ಅಂಗಡಿ ಮುಚ್ಚಿತು. ಆ ಟ್ಯಾಂಕು ಒಡೆದರೆ ಇನ್ನೊಂದಿಲ್ಲ ಎಂದು ವೈನಿ ಅದನ್ನು ಕಾಲುಚೀಲದಲ್ಲಿ ಸುತ್ತಿ ಇಡತೊಡಗಿದರು. ವಸಂತಣ್ಣನಿಗೆ ಸಿಡ್ನಿಯ ಕೆಲಸವಾಯಿತು. ಸಾಮಾನಿನ ಟ್ರಕ್ಕು ಬಂದ ದಿನ, ಖಾಲಿ ಅಡುಗೆಮನೆಯಲ್ಲಿ ವೈನಿ ನನ್ನನ್ನು ಹತ್ತಿರ ಕರೆದರು.

"ಸುಧೀರ, ಯಾರಿಗೂ ಹೇಳಬ್ಯಾಡ. ಬಾಟ್ಲಿಯೊಳಗ ಈಗ ನಿಕೋಟಿನ್ ಏನೂ ಇಲ್ಲ. ಬರೇ ಗ್ಲಿಸರಿನ್ ನೀರು. ಹೋಳಿ ಹುಣ್ಣಿಮಿಂದ ಇವರು ಬರೇ ಹಬಿ ಸೇದ್ಲಿಕತ್ತಾರ, ಗೊತ್ತಿಲ್ಲ."

"ಹೇಳ್ಬಿಡಿ ವೈನಿ, ಖುಷಿ ಪಡ್ತಾರೆ."

"ಹೇಳಿದ್ರ ತಲಿನೋವು ಶುರು ಆಕ್ಕೈತಿ. ಇನ್ನಷ್ಟು ದಿನ ಹೋಗ್ಲಿ" ಎಂದು ನಕ್ಕರು. ಹೊರಡುವ ಮುಂಚೆ ನನ್ನ ಊಟದ ಡಬ್ಬಿಯನ್ನು ಕೊನೆಯ ಸಲ ಮಗುಚಿ ನೋಡಿ ಕೈಗಿಟ್ಟರು. ಆ ಮನೆಯಲ್ಲಿ ಆಮೇಲೆ ನನಗೆ ಇರಲಾಗಲಿಲ್ಲ. ನಾನೂ ಕ್ರೇಗಿಬರ್ನಿಗೆ ಮನೆ ಬದಲಿಸಿದೆ.

ಮರುವರ್ಷ ಸಿಡ್ನಿಗೆ ಹೋದಾಗ ವೆಂಟ್‌ವರ್ತ್‌ವಿಲ್‌ನಲ್ಲಿ ಅವರ ಮನೆಯಲ್ಲೇ ಉಳಿದೆ. ಅದೇ ನಾನು ಅವರಿಬ್ಬರನ್ನು ಕೊನೆಯದಾಗಿ ನೋಡಿದ್ದು. ಅಲ್ಲಿಂದ ಅವರು ಪಶ್ಚಿಮ ತುದಿಯ ಪರ್ತ್‌ಗೆ ಹೋದರು, ನಡುವೆ ಇಡೀ ಒಂದು ಖಂಡವೇ ಬಂದು ಕೂತಿತು. ಫೋನಿನಲ್ಲಿ ಮಾತಾಡುತ್ತೇವೆ, ಆದರೆ ನನ್ನ ಡಬ್ಬಿಗಳನ್ನು ತಲೆಕೆಳಗು ಮಾಡುವವರಿಲ್ಲ. ಮೊನ್ನೆ ಆಫೀಸು ಬ್ಯಾಗಿನಲ್ಲಿ ಹುಳಿ ಸೋರಿದಾಗ, ಲ್ಯಾಪ್‌ಟಾಪ್ ಒರೆಸುವುದನ್ನು ಬಿಟ್ಟು ವೈನಿಯನ್ನು ನೆನೆಯುತ್ತ ಕೂತಿದ್ದೆ.

ಸಿಡ್ನಿಯ ಆ ಭಾನುವಾರ ಬೆಳಿಗ್ಗೆ ನಾನು, ವಸಂತಣ್ಣ ಅಕ್ಕಿ ತರಲು ಹೋಗಿದ್ದೆವು. ಅವರ ಫ್ಲ್ಯಾಟು ಮೇಲಿನ ಮಹಡಿಯಲ್ಲಿ, ಲಿಫ್ಟಿಲ್ಲ. ನಾನು ಚೀಲಕ್ಕೆ ಕೈ ಹಾಕುವ ಮೊದಲೇ ಅವರು ಹೆಗಲಿಗೇರಿಸಿ ಮೆಟ್ಟಿಲು ಹತ್ತತೊಡಗಿದರು. ನಡುವಿನ ತಿರುವಿನಲ್ಲಿ ನಿಂತದ್ದು ದಣಿವಿಗಲ್ಲ, ಮಾತಿಗೆ.

"ತಮ್ಮಾ, ಆಕಿಗೆ ಹೇಳಬ್ಯಾಡ. ಬಾಟ್ಲಿಯೊಳಗ ಏನೂ ಇಲ್ಲ ಅನ್ನೂದು ನನಗ ಗೊತ್ತೈತಿ."

ನಾನೂ ಒಂದು ಮೆಟ್ಟಿಲು ಕೆಳಗೆ ನಿಂತೆ. "ಯಾವಾಗಿಂದ?"

"ನಿಕೋಟಿನ್ ಗಂಟಲಿಗೆ ಬಡಿಯೂದು ನಿಂತ ದಿನಾನ ಗೊತ್ತಾತು. ಇಷ್ಟು ವರ್ಷ ಸೇದಿದಾವ ನಾನು."

"ಮತ್ತೆ ಯಾಕಣ್ಣ ಇನ್ನೂ ಎಳೀತಾ ಇದೀರ? ಬಿಟ್ಟುಬಿಡಬಹುದಲ್ಲ?"

ಅವರು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. "ವಾರ ಪೂರ್ತಿ ಆಕಿದೊಂದು ಶಿಫ್ಟು, ನಂದೊಂದು. ಭಾನುವಾರ ಮುಂಜಾನೆ ಎದುರು ಕುಂತು ನನ್ನ ಸಲುವಾಗಿ ಹತ್ತಿ ಹೊಸಿತಾಳ. ಅದನ್ನ ಹೆಂಗ ಬಿಡ್ಲಿ?"

ಮೇಲೆ ಊಟದ ಮೇಜಿನ ಮೇಲೆ ಅದೇ ಬಿಳಿ ಟವೆಲು ಹಾಸಿತ್ತು. ವೈನಿ ಹಳೆಯ ಬಾಚಣಿಗೆಯಿಂದ ಹತ್ತಿಯ ತುದಿ ಬಾಚಿ ಕೂರಿಸಿದರು, ಗಾಜು ತಿರುಗಿಸಿ ಬಿಗಿದರು, ಕಾಗದದ ಮೇಲೆ ಮಗುಚಿ ಇಟ್ಟು ನಮಗೆಲ್ಲ ಚಹಾ ಕೊಟ್ಟರು. ಕುಡಿದಾದ ಮೇಲೆ ಕಾಗದ ಮುಟ್ಟಿ ನೋಡಿ, ಒಣಗಿದೆಯೆಂದು ತಲೆಯಾಡಿಸಿ, ಟ್ಯಾಂಕನ್ನು ಗಂಡನ ಕೈಗೆ ಕೊಟ್ಟರು. ವಸಂತಣ್ಣ ಒಂದು ದಮ್ಮು ಎಳೆದು ಮುಖ ಕಿವುಚಿದರು.

"ಶಶೀ, ಇವತ್ತ ಭಾಳ ಕಡಕ್ ಆಗೇತಿ ನೋಡು. ಮುಂದಿನ ವಾರ ಒಂದ್‌ಚೂರು ಕಮ್ಮಿ ಮಾಡು."

ವೈನಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, "ಮಾಡ್ತೀನಿ ತಗೋರಿ" ಎಂದು ಟವೆಲು ಮಡಚಿದರು. ಲೋಕದ ಕಂಪ್ಲೇಂಟುಗಳನ್ನೆಲ್ಲ ತಿರುವಿ ಮುರುವಿ ನಿಜವೋ ಸುಳ್ಳೋ ಹೇಳುತ್ತಿದ್ದ ನಮ್ಮ ವೈನಿ, ಗಂಡನ ಆ ಒಂದು ಕಂಪ್ಲೇಂಟನ್ನು ಮಾತ್ರ ತಲೆಕೆಳಗು ಮಾಡಿ ನೋಡಲಿಲ್ಲ.