ಚಪ್ಪಲಿ ಬಿಟ್ಟು ಬರುವ ತೋಟ

ಸವಣೂರಿನ ನಮ್ಮ ಎಲೆಬಳ್ಳಿ ತೋಟಕ್ಕೆ ಯಾರೇ ಬರಲಿ, ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ದೇವರ ಮುಂದೆ ಇಡುವುದು, ಬೀಗರ ಕೈಗೆ ಕೊಡುವುದು ಈ ಎಲೆಯನ್ನೇ, ಅದಕ್ಕೆ. ಸೊಸೆಯಾಗಿ ಬಂದ ಹೊಸತರಲ್ಲಿ ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು, ಇದೆಂಥ ಪದ್ಧತಿ ಎಂದು ಗೊಣಗಿದವಳು ನಾನು. ಹೋದ ವರ್ಷ ಅದೇ ಪದ್ಧತಿಯನ್ನು ಹಿಡಿದು ಹಟಕ್ಕೆ ನಿಂತೆ.

ಮಳೆಗಾಲ ಮುಗಿಯುವ ಹೊತ್ತಿಗೆ ಬಳ್ಳಿಯ ಗೆಣ್ಣುಗಳಲ್ಲಿ ಬಿಳಿ ಹುಳ ಕೂತಿತ್ತು. ನೋಡಿದರೆ ಯಾರೋ ಹಿಟ್ಟು ಉದುರಿಸಿದ್ದಾರೆ ಅನ್ನಬೇಕು, ಹಾಗೆ. ರಸ ಹೀರಿ ಹೀರಿ ಎಲೆ ಮುರುಟಿತು, ಕಲೆ ಬಿತ್ತು. ಪೇಟೆಯ ವ್ಯಾಪಾರಿ ಬುಟ್ಟಿಗಳನ್ನು ವಾಪಸ್ ಕಳಿಸಿದ. ಪಕ್ಕದ ತೋಟ ನೋಡಿಕೊಳ್ಳುವವರು ನನ್ನ ಭಾವ, ಗಂಡನ ಅಣ್ಣ. ಹೊಲ ಇನ್ನೂ ಪಾಲಾಗಿಲ್ಲ, ಆದ್ದರಿಂದ ಎರಡು ತೋಟಕ್ಕೂ ಮಾತು ಅವರದೇ. ಎಣ್ಣೆ ಹೊಡೆಸು, ಇಲ್ಲವಾದರೆ ದೀಪಾವಳಿ ಕಳೆದ ಮೇಲೆ ಬಳ್ಳಿ ಕಿತ್ತು ಗೋವಿನಜೋಳ ಹಾಕೋಣ ಎಂದರು. ನಮ್ಮ ಕಡೆ ಹುಳ ಕೊಲ್ಲುವ ವಿಷಕ್ಕೆ ಎಣ್ಣೆ ಅಂತಲೇ ಹೆಸರು, ಒಗ್ಗರಣೆಗೆ ಹಾಕುವ ವಸ್ತುವಿನ ಹಾಗೆ. ನಾನು ಒಲ್ಲೆ ಅಂದೆ. ನನ್ನ ಗಂಡ ಹಿರೇಕೆರೂರು ಬಸ್ಸಿನ ಡ್ರೈವರು, ತೋಟದ ಜಗಳ ಬಂದಾಗೆಲ್ಲ ಡ್ಯೂಟಿ ಮೇಲೆ ಇರುತ್ತಾರೆ.

ಭಾವ ನನ್ನನ್ನು ಕೇಳದೆ ದುಂಡಸಿಯಿಂದ ಎಣ್ಣೆ ಹೊಡೆಯುವವನನ್ನು ಕರೆಸಿಯೇ ಬಿಟ್ಟರು. ಬೆನ್ನಿಗೆ ಪಂಪು, ಬಾಯಿಗೆ ಸುತ್ತಿದ ಟವೆಲ್ಲು, ಕಾಲಿಗೆ ಮೊಣಕಾಲುದ್ದದ ಬೂಟು. ನಾನು ಬಾಗಿಲಿಗೆ ಅಡ್ಡ ನಿಂತು, ಬೂಟು ಕಳಚಿ ಒಳಗೆ ಬರಬೇಕು ಅಂದೆ. ಬೇರೇನೂ ತೋಚದೆ ಬಂದ ಮಾತು ಅದು. ಅವನು ಒಳ್ಳೆಯವ, ಸುಳ್ಳು ಹೇಳಲು ಬರಲಿಲ್ಲ.

"ಬರಿಗಾಲಿಲೆ ಆಗಂಗಿಲ್ರಿ ಅಕ್ಕಾರ. ಎಣ್ಣಿ ಸಿಡದ್ರ ಕಾಲು ಉರಿತಾವ್ರಿ, ತೊಗಲು ಸುಲಿತೈತಿ."

"ಕಾಲಿಗೇ ತಡಿಯಂಗಿಲ್ಲ ಅಂದ್ರ, ನಾಲಿಗಿಗೆ ತಡಿತೈತೇನ್ರಿ?" ಎಂದೆ. ಕೇಳಿದ್ದು ಅವನನ್ನು, ನೋಡಿದ್ದು ಭಾವನನ್ನು.

ಭಾವನ ಬಾಯಿ ತುಂಬ ಎಲೆಯಡಿಕೆ ಇತ್ತು. ಬೇಲಿಯ ಹತ್ತಿರ ಹೋಗಿ ಉಗುಳಿ ಬಂದು, ತೊಳೆದುಕೊಂಡು ತಿಂದರೆ ಏನೂ ಆಗುವುದಿಲ್ಲ ಎಂದರು. ಎಲೆ ತೊಳೆದು ತಿನ್ನುವವರನ್ನು ನಾನಂತೂ ಕಂಡಿಲ್ಲ. ಧೋತರದ ಅಂಚಿಗೆ ಒರೆಸಿ ಸುಣ್ಣ ಹಚ್ಚುವವರೇ ಎಲ್ಲ, ಭಾವನೂ ಅವರಲ್ಲೊಬ್ಬರು. ಎಣ್ಣೆಯವನು ಬೂಟು ಕಳಚಲಿಲ್ಲ, ನಾನು ಬಾಗಿಲು ಬಿಡಲಿಲ್ಲ. ಕೊನೆಗೆ ಪಂಪು ಭಾವನ ತೋಟಕ್ಕೆ ಹೋಯಿತು. ಬೂಟುಗಾಲಲ್ಲೇ ಹೋಯಿತು. ಅಲ್ಲಿಗೆ ಅವರ ತೋಟದ ಪದ್ಧತಿಯೂ ಮುಗಿಯಿತು.

ಸಿಟ್ಟು ಬಂದರೆ ನನಗೆ ಕೆಲಸ ಚೆನ್ನಾಗಿ ಸಾಗುತ್ತದೆ. ಹುಳ ಹತ್ತಿದ ಎಲೆಗಳನ್ನು ಹರಿದು ಹೂತೆ. ಅಂಟವಾಳಕಾಯಿ ನೆನೆಸಿ, ಆ ನೊರೆನೀರಿನಲ್ಲಿ ಹಳೆ ಸೀರೆಯ ತುಂಡು ಅದ್ದಿ ಒಂದೊಂದೇ ಗೆಣ್ಣು ಒರೆಸಿದೆ. ಈ ಹುಳವನ್ನು ಹೊತ್ತು ಬಳ್ಳಿಯಿಂದ ಬಳ್ಳಿಗೆ ದಾಟಿಸುವುದು ಇರುವೆ. ಬಳ್ಳಿ ಹಬ್ಬಿದ ನುಗ್ಗೆ ಗಿಡಗಳಿಗೂ ಬಳ್ಳಿಯ ಬುಡಕ್ಕೂ ಹರಳೆಣ್ಣೆ ಹಚ್ಚಿದ ಬಟ್ಟೆ ಸುತ್ತಿ ಅವುಗಳ ದಾರಿ ಕಟ್ಟಿದೆ. ಭಾವ ಬೇಲಿಯಾಚೆ ನಿಂತು, ಎಲೆಗೂ ತಲೆಗೆ ಎರಕೊಳ್ಳುವ ಹಬ್ಬವೇನು ಎಂದು ನಕ್ಕರು. ನಗಲಿ. ಕೈ ಒಡೆದು ಉರಿಯುತ್ತಿತ್ತು, ಅವರ ಮುಂದೆ ಮುಖ ಹಿಂಡಲಿಲ್ಲ. ಒಳಗೊಳಗೆ ಹೆದರಿಕೆಯೂ ಇತ್ತು. ಈ ತೋಟ ಹೋದರೆ ನನ್ನದು ಅನ್ನುವಂಥದ್ದು ಆ ಮನೆಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಹುಳ ಪೂರ್ತಿ ಹೋಗಲಿಲ್ಲ, ಸೋತಿತು. ಹೊಸ ಚಿಗುರು ನೆಟ್ಟಗೆ ಬಂತು. ದೀಪಾವಳಿಗೆ ವ್ಯಾಪಾರಿ ಬುಟ್ಟಿ ಇಟ್ಟುಕೊಂಡ, ಮುಖ ಸೊಟ್ಟ ಮಾಡಿಕೊಂಡೇ.

ಹಬ್ಬ ಮುಗಿದ ಮೇಲೆ ಒಂದು ಬೆಳಿಗ್ಗೆ ಭಾವ ನಮ್ಮ ತೋಟದ ಕಡೆ ಬಂದರು. ಬಳ್ಳಿ ಕೀಳುವ ಮಾತು ತಂದಿದ್ದಾರೆ ಎಂದು ನಾನು ಸೆರಗು ಬಿಗಿದು ನಿಂತೆ. ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಒಳಗೆ ಬಂದು, ಅತ್ತಿತ್ತ ನೋಡಿ, ಧೋತರದ ಗಂಟಿನಿಂದ ಅಡಿಕೆ ತೆಗೆದು, ನನ್ನ ಬಳ್ಳಿಯ ಚಂದದ ಎಲೆಯೊಂದಕ್ಕೆ ಕೈ ಹಾಕಿದರು. ತಮ್ಮ ತೋಟದ್ದು ಯಾಕೆ ಬೇಡವಾಯಿತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

"ಕಲಿ ಇದ್ದದ್ದು ಹರಕೋರಿ ಭಾವಾರ," ಎಂದೆ. "ಛಲೋವು ಮಾರಾಕ ಬೇಕು."

ಅವರು ಕಲೆ ಇದ್ದ ಎಲೆಯನ್ನೇ ಹರಿದುಕೊಂಡರು.